ನಡೆದು ತೋರಿಸುವವರು

ಹಾಸಿಗೆಯಕ್ಕನ ಸೊಂಟದ ಮೇಲೆ ಕೈಯಿಟ್ಟು ಪಾಸಾದ ಡಾಕ್ಟರುಗಳು ಊರೂರಿನಲ್ಲಿ ಬೋರ್ಡು ಹಾಕಿಕೊಂಡು ಕೂತಿದ್ದರು. ಸೊಂಟ ಮಾತ್ರ ಇದ್ದಲ್ಲೇ ಇತ್ತು. ಇದ್ದುದಕ್ಕಿಂತ ಹಾಳಾಗಿತ್ತು.

ವರ್ಷಕ್ಕೊಮ್ಮೆ ದೊಡ್ಡಾಸ್ಪತ್ರೆಯ ಕಾಲೇಜಿನಲ್ಲಿ ಮೂಳೆ ಡಾಕ್ಟರಾಗುವವರಿಗೆ ಪರೀಕ್ಷೆ. ಪರೀಕ್ಷೆಗೆ ರೋಗಿಗಳು ಬೇಕು. ಹಾಗೆ ಬಂದವರಿಗೆ ಕೇಸು ಎಂದು ಹೆಸರು. ಕೇಸು ಮಂಚದ ಮೇಲೆ ಮಲಗಬೇಕು. ಏಳು ಎಂದಾಗ ಏಳಬೇಕು. ನಡಿ ಎಂದಾಗ ಹಾಲಿನ ಆ ಗೋಡೆಯಿಂದ ಈ ಗೋಡೆಗೆ ನಡೆದು ತೋರಿಸಬೇಕು. ಓದುವ ಹುಡುಗರು ಒತ್ತಿ, ತಿರುಗಿಸಿ, ಟೇಪು ಹಿಡಿದು ಅಳೆದು, ಇದು ಇಂಥ ಕಾಯಿಲೆ ಎಂದು ಪರೀಕ್ಷಕರಿಗೆ ಒಪ್ಪಿಸಬೇಕು. ಕೇಸು ಬಾಯಿ ಬಿಡುವಂತಿಲ್ಲ. ಬಿಟ್ಟರೂ ಹಾಸಿಗೆಯಕ್ಕನಿಗೆ ಹೇಳಲು ಏನೂ ಗೊತ್ತಿರಲಿಲ್ಲ. ಅವಳ ಕಾಯಿಲೆಯ ಹೆಸರು ರೈಲಿನಷ್ಟು ಉದ್ದವಿತ್ತು. ಓದಿದವರ ಭಾಷೆಯಲ್ಲಿತ್ತು. ಪ್ರತಿ ವರ್ಷ ಅವಳ ತಲೆಯ ಮೇಲಿಂದ ನಿಲ್ಲದೆ ಹಾದುಹೋಗುತ್ತಿತ್ತು.

ಕೇಸುಗಳೆಲ್ಲ ವರ್ಷಕ್ಕೊಮ್ಮೆ ಸೇರುವ ನೆಂಟರ ಹಾಗೆ. ಅಟೆಂಡರು ಅವರನ್ನು ಕೀಲಿನ ಹೆಸರಿನಿಂದಲೇ ಕರೆಯುತ್ತಿದ್ದ. ಕಲ್ಲು ಹೊತ್ತು ಮೊಣಕಾಲು ತಿರುಚಿಕೊಂಡ ಮುದುಕ ಮೊಣಕಾಲು. ಪಾತ್ರೆ ತೊಳೆದು ತೊಳೆದು ಗೂನಾದವಳು ಬೆನ್ನು. ಇವಳು ಸೊಂಟ. ಅವರೂ ಅದನ್ನೇ ರೂಢಿ ಮಾಡಿಕೊಂಡಿದ್ದರು. ಏನಯ್ಯ ಮೊಣಕಾಲು, ಇನ್ನೂ ಇದೀಯಾ ಎಂದು ಇವಳು ಕೇಳಿದರೆ, ನೀನು ಹೋಗದೆ ನಾನೆಲ್ಲಿ ಹೋಗಲಿ ಸೊಂಟ, ಎಂದು ಅವನು. ಒಂದು ಲೋಟ ಟೀ, ಒಂದು ಬನ್ನು, ಬಿಳಿ ಮಾತ್ರೆಯ ಪೊಟ್ಟಣ. ಅಲ್ಲಿಗೆ ವರ್ಷದ ಲೆಕ್ಕ ಚುಕ್ತಾ.

ಅವಳಿದ್ದ ಓಣಿಯಲ್ಲಿ ಅವರ ಮನೆಗೆ ಬಾತುಕೋಳಿ ಮನೆ ಎಂದು ಹೆಸರು. ಅಲ್ಲಿ ಹುಟ್ಟಿದ ಮಕ್ಕಳು ಎಲ್ಲ ಮಕ್ಕಳ ಹಾಗೇ ಹುಟ್ಟುತ್ತಿದ್ದವು. ಓಡುತ್ತಿದ್ದವು, ಬೀಳುತ್ತಿದ್ದವು, ಗೋಡೆ ಹತ್ತುತ್ತಿದ್ದವು. ಹತ್ತು ದಾಟಿ ಹನ್ನೆರಡು ಬರುವಾಗ ಒಂದು ದಿನ ಒಂದು ಮಗು ಮೆಟ್ಟಿಲ ಮೇಲೆ ಕೂತು ತೊಡೆ ಒತ್ತಿಕೊಳ್ಳುತ್ತಿತ್ತು. ಮನೆಯವರು ಕಂಡರೂ ಕಾಣದವರ ಹಾಗೆ ಇರುತ್ತಿದ್ದರು. ಆಮೇಲೆ ಮೈ ಎತ್ತರ ಬೆಳೆಯುವುದು ನಿಲ್ಲುತ್ತಿತ್ತು. ಸೊಂಟ ಅತ್ತ ಇತ್ತ ವಾಲುತ್ತಿತ್ತು. ಓಣಿಯ ಹುಡುಗರು ಹಿಂದೆ ಸಾಲಾಗಿ ನಿಂತು ಹಾಗೇ ವಾಲಿಕೊಂಡು ನಡೆದು, ಕ್ವಾಕ್ ಕ್ವಾಕ್ ಎನ್ನುತ್ತಿದ್ದರು. ಹಾಸಿಗೆಯಕ್ಕ ತಿರುಗಿ ನಿಂತು, ಸರಿಯಾಗಿ ವಾಲಿ ಕಣ್ರೋ, ಕಲಿಯೋದಾದ್ರೆ ನೆಟ್ಟಗೆ ಕಲೀರಿ, ಎನ್ನುತ್ತಿದ್ದಳು. ಅವರು ಓಡಿಹೋಗುತ್ತಿದ್ದರು. ಓಡಲು ಅವರಿಗೆ ಬರುತ್ತಿತ್ತು.

ಅವಳ ಕೆಲಸ ಹಾಸಿಗೆ ಹೊಲಿಯುವುದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತಿಯ ದೂಳು ಬಿಸಿಲಿನಲ್ಲಿ ನಿಂತೇ ಇರುತ್ತಿತ್ತು. ಹಿಂಜಿದ ಹತ್ತಿಯನ್ನು ಚೀಲಕ್ಕೆ ತುಂಬಬೇಕು, ಕೋಲಿನಲ್ಲಿ ಬಡಿದು ಸಮ ಮಾಡಬೇಕು, ಗೇಣುದ್ದದ ದಬ್ಬಳದಿಂದ ಮೇಲಿಂದ ಕೆಳಕ್ಕೆ ಚುಚ್ಚಿ ದಾರ ಎಳೆದು ಗಂಟು ಬಿಗಿಯಬೇಕು. ಉಳಿದವರು ಕುಕ್ಕರಗಾಲಲ್ಲಿ ಕೂತು ಹೊಲಿಯುತ್ತಿದ್ದರು. ಇವಳಿಗೆ ಕುಕ್ಕರಿಸಲು ಬಾರದು. ಹಾಸಿಗೆಯ ಮೇಲೇ ಒಂದು ಮಗ್ಗುಲಾಗಿ ಮಲಗಿ ಹೊಲಿಯುತ್ತಿದ್ದಳು. ಕೆಲಸದ ಹೊತ್ತಿನಲ್ಲಿ ಮಲಗುವ ಹಕ್ಕು ಇರೋದು ನನಗೆ ಮತ್ತೆ ಮಂತ್ರಿಗಳಿಗೆ ಮಾತ್ರ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಎದ್ದು ನಿಲ್ಲುವಾಗ ಮಾತ್ರ ತಮಾಷೆ ಮಾಡುತ್ತಿರಲಿಲ್ಲ. ಗೋಡೆ ಹಿಡಿದು, ಹಲ್ಲು ಕಚ್ಚಿ, ಒಂದು ಕಾಲು, ಆಮೇಲೆ ಇನ್ನೊಂದು. ಈಚೆಗೆ ಮೆಟ್ಟಿಲು ಕಂಡರೆ ದೇವರ ನೆನಪಾಗುತ್ತಿತ್ತು.

ಆ ಸಲದ ಪರೀಕ್ಷೆಗೆ ಮುಂಚೆ ಅಟೆಂಡರು ಅಂಗಡಿಗೇ ಬಂದ. ಅಕ್ಕ, ನಿನ್ನ ಅದೃಷ್ಟ ತೆರೀತು ಎಂದ.

"ಏನು, ಹೊಸ ಸೊಂಟ ತಂದಿದೀಯಾ ಚೀಲದಲ್ಲಿ?" ಅವಳು ದಬ್ಬಳ ನಿಲ್ಲಿಸಲಿಲ್ಲ.

"ತಂದಂಗೇ ಅಂದ್ಕೋ."

ವಿಷಯ ಇಷ್ಟು. ಸವೆದ ಮೂಳೆಯ ತುದಿ ಕತ್ತರಿಸಿ ಲೋಹದ್ದು ಕೂರಿಸುವ ಆಪರೇಷನ್ನು ಒಂದಿತ್ತು. ಮಾಡಿಸಿಕೊಂಡವರು ಬಸ್ಸು ಹತ್ತುತ್ತಿದ್ದರು. ಅವಳಿಗೂ ಮಾಡುತ್ತೇವೆ ಎಂದು ದೊಡ್ಡ ಡಾಕ್ಟರು ಪ್ರತಿ ಪರೀಕ್ಷೆಯಲ್ಲೂ ಹೇಳುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಮರೆಯುತ್ತಿದ್ದರು. ಈ ಸಲ ಡೇಟು ಕೊಡುತ್ತಾರಂತೆ. ಆದರೆ ಅವಳೊಬ್ಬಳೇ ಬಂದರೆ ಸಾಲದು. ಅವಳ ಸೊಂಟ ಎಲ್ಲ ಹುಡುಗರಿಗೂ ಬಾಯಿಪಾಠವಾಗಿತ್ತು. ಈಗ ಕಾಯಿಲೆ ಆಗಷ್ಟೇ ಶುರುವಾಗಿರುವ ಕೇಸು ಬೇಕು. ಅವಳ ತಮ್ಮನ ಮಗಳು ಕುಂಟುತ್ತಿದ್ದಾಳೆಂದು ಯಾರೋ ಹೇಳಿದ್ದರು. ಹೊರಗಿನಿಂದ ಬರುವ ಪರೀಕ್ಷಕರಿಗೆ ತೋರಿಸಿದರೆ ಕಾಲೇಜಿಗೆ ಹೆಸರು. ಹುಡುಗಿಯನ್ನು ಕರೆದುಕೊಂಡು ಬಾ, ಡೇಟು ತಗೊಂಡು ಹೋಗು.

ಹಾಸಿಗೆಯಕ್ಕ ಗಂಟು ಬಿಗಿದಳು. ದಾರ ತುಂಡಾಯಿತು.

ತಮ್ಮ ಗಡಿಯಾರ ರಿಪೇರಿಯವನು. ಅವನಿಗೂ ಅದೇ ಸೊಂಟ. ಕೂತು ಮಾಡುವ ಕೆಲಸ ನೋಡಿಕೊಂಡಿದ್ದ. ಅವನಿಗೆ ಇಬ್ಬರು ಮಕ್ಕಳು. ಮಗಳಿಗೆ ಹದಿಮೂರು. ಎರಡನೆಯವನಿಗೆ ಇನ್ನೂ ಹಲ್ಲು ಬಿದ್ದು ಹುಟ್ಟುವ ವಯಸ್ಸು. ಮಗಳ ಕಾಲು ಎಳೆಯಲು ಶುರುವಾದಾಗ ಮನೆಯಲ್ಲಿ ಯಾರೂ ಗೋಳಾಡಲಿಲ್ಲ. ಅದಕ್ಕೆ ಕಾರಣ ಅಜ್ಜಿ, ಹಾಸಿಗೆಯಕ್ಕನ ಅವ್ವ. ಅಜ್ಜಿ ಬದುಕಿದ್ದಾಗ ಒಬ್ಬ ಡಾಕ್ಟರು ಓಡುವ ನಡಿಗೆಯಲ್ಲೇ, ನಿಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಬರುತ್ತೆ ಎಂದಿದ್ದರು. ಅಜ್ಜಿ ಅದನ್ನು ಪಾಲು ಹಂಚಿದ ಹಾಗೆ ಅರ್ಥ ಮಾಡಿಕೊಂಡಳು. ನಾಲ್ವರು ಮಕ್ಕಳಲ್ಲಿ ಇಬ್ಬರು ವಾಲಿದರು, ಇಬ್ಬರು ನೆಟ್ಟಗಾದರು. ಲೆಕ್ಕ ತಾಳೆಯಾಯಿತು. ಅಲ್ಲಿಂದ ಅದು ಮನೆಯ ಕಾನೂನು. ಒಬ್ಬರು ಪಾಲು ತಗೊಂಡರೆ ಇನ್ನೊಬ್ಬರು ಪಾರು.

ಹಾಗಾಗಿ ಮಗಳು ಮೆಟ್ಟಿಲ ಮೇಲೆ ಕೂತ ದಿನ ಹಾಸಿಗೆಯಕ್ಕನೇ ಅವಳ ತಲೆ ಸವರಿ, ನಿನ್ನ ಪಾಲು ನೀನು ತಗೊಂಡೆ ಕಣೇ, ನಿನ್ನ ತಮ್ಮ ಬಚಾವಾದ ಎಂದಿದ್ದಳು. ಹುಡುಗಿಗೆ ಅದರ ಹೆಮ್ಮೆಯಿತ್ತು. ನೋವಾದಾಗಲೆಲ್ಲ ತಮ್ಮನ ಕಡೆ ನೋಡಿ, ಥ್ಯಾಂಕ್ಸ್ ಹೇಳೋ ಎಂದು ಕಾಡುತ್ತಿದ್ದಳು. ಪಾರಾದವನು ಎಂದು ಮನೆಯ ಭಾರವೆಲ್ಲ ಅವನ ಮೇಲೆ. ಓಣಿಯ ನಲ್ಲಿಯಿಂದ ಮಹಡಿಗೆ ನೀರಿನ ಕೊಡ ಹೊರುವವನು ಅವನೇ. ಎರಡು ಕೈಯಲ್ಲಿ ಎರಡು. ಗಟ್ಟಿ ಕಾಲಿನವನು, ಹೊರಲಿ ಬಿಡು ಎಂದು ಎಲ್ಲರೂ.

ಡಾಕ್ಟರುಗಳದ್ದನ್ನು ಹೀಗೆ ತಮ್ಮದೇ ಅರ್ಥ ಮಾಡಿಕೊಳ್ಳುವುದು ಆ ಮನೆಗೆ ಹೊಸದಲ್ಲ. ಹಾಸಿಗೆಯಕ್ಕ ಚಿಕ್ಕವಳಿದ್ದಾಗ ಡಾಕ್ಟರಿಕೆ ಓದುವ ಒಬ್ಬ ಹುಡುಗ ಅವಳ ಮಂಚದ ಪಕ್ಕ ಕೂತು ಮನೆತನದ ಚಿತ್ರ ಬರೆದಿದ್ದ. ಗಂಡಸರಿಗೆ ಚೌಕ, ಹೆಂಗಸರಿಗೆ ಗುಂಡು. ಕಾಯಿಲೆ ಇದ್ದವರಿಗೆ ಕಪ್ಪು ತುಂಬುವುದು, ಮಂಚದ ಮೇಲಿರುವ ಕೇಸಿಗೆ ಬಾಣದ ಗುರುತು ಹಾಕುವುದು ಡಾಕ್ಟರುಗಳ ಪದ್ಧತಿ. ಇವಳ ಗುಂಡು ಕರ್ರಗಿತ್ತು, ಮೇಲೊಂದು ಬಾಣ ಬೇರೆ. ಕಪ್ಪು ಬಳಿದವರು ಸಾಯುವವರು, ಬಾಣ ಬಿದ್ದವಳು ಮೊದಲು ಸಾಯುವವಳು ಎಂದು ಅವಳು ತಿಳಿದಳು. ಮನೆಗೆ ಬಂದು ಒಳ್ಳೆಯ ಅಂಗಿಯನ್ನು ಚಿಕ್ಕಪ್ಪನ ಮಗಳಿಗೆ ಕೊಟ್ಟಳು. ಜಗಳವಾಡಿದವರ ಹತ್ತಿರ ರಾಜಿ ಮಾಡಿಕೊಂಡಳು. ಸಾವು ಬರಲಿಲ್ಲ. ಅಂಗಿ ವಾಪಸ್ ಕೇಳಿದರೆ ಚಿಕ್ಕಪ್ಪನ ಮಗಳು ಕೊಡಲಿಲ್ಲ. ಈ ಕಥೆ ಹೇಳಿದಾಗ ಮನೆಯವರು ಈಗಲೂ ಹೊಟ್ಟೆ ಹಿಡಿದು ನಗುತ್ತಿದ್ದರು.

ಅದೇ ದಿನದ ಇನ್ನೊಂದು ಕಥೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆಗ ಅವಳಿಗೆ ಹದಿಮೂರು. ಬಟ್ಟೆ ಮೇಲೆತ್ತು ಎಂದರು. ಎತ್ತಿದಳು. ಇನ್ನೂ ಎಂದರು. ಒಂದು ಕೈ ಮುಗಿದ ಮೇಲೆ ಇನ್ನೊಂದು ಕೈ, ತಣ್ಣಗಿನವು, ಬೆವರಿದವು. ಹಿಂದಿದ್ದವರು ಕಾಣಿಸುತ್ತಿಲ್ಲ ಎಂದು ಮುಂದೆ ಬಂದರು. ಅವಳು ಮೇಲೆ ತಿರುಗುವ ಫ್ಯಾನು ನೋಡುತ್ತ ಮಲಗಿದಳು. ಅದರ ರೆಕ್ಕೆಗೆ ಅಂಟಿದ ಜೇಡರ ಬಲೆ ಇಂದಿಗೂ ನೆನಪಿತ್ತು. ಮುಖಗಳು ನೆನಪಿರಲಿಲ್ಲ.

ಹುಡುಗಿಯನ್ನು ಕಳಿಸುವ ಮಾತು ಬಂದಾಗ ತಮ್ಮನ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು. "ಅತ್ತಿಗೆ, ಅಲ್ಲಿ ಮುಟ್ತಾರಾ?"

ಹಾಸಿಗೆಯಕ್ಕ ಮುಟ್ಟುವುದಿಲ್ಲ, ಬರೀ ನಡೆಸುತ್ತಾರೆ ಎಂದಳು. ಸೊಂಟ ಬೇಕಿತ್ತು ಅವಳಿಗೆ. ಬಸ್ಸು ಹತ್ತಬೇಕಿತ್ತು.

ಪರೀಕ್ಷೆಯ ಬೆಳಿಗ್ಗೆ ಹುಡುಗಿ ತಲೆ ಬಾಚಿಕೊಂಡು, ಹೊಸ ಸ್ಕರ್ಟು ಹಾಕಿಕೊಂಡು ಹೊರಟಳು. ಶಾಲೆಗೆ ರಜ, ಬನ್ನು ಬೇರೆ. ಹಾಲಿನಲ್ಲಿ ಸಾಲಾಗಿ ಮಂಚ. ಹಾಸಿಗೆಯಕ್ಕ ಪ್ರತಿ ವರ್ಷದ ಹಾಗೆ ಮಂಚದ ಹಾಸಿಗೆ ಅದುಮಿ ನೋಡಿ, ಇದನ್ನ ಹೊಲಿದವನಿಗೆ ಮೊದಲು ಪರೀಕ್ಷೆ ಮಾಡಿ ಎಂದಳು. ಮೊಣಕಾಲು ನಕ್ಕ. ಬೆನ್ನು ಹುಡುಗಿಯ ಗಲ್ಲ ಹಿಡಿದು, ಯಾರೇ ಇದು ಹೊಸ ಕೀಲು, ಎಂದಳು. ಬಲ್ಬು ಬದಲಿಸಲು ಬಂದ ಎಲೆಕ್ಟ್ರಿಷಿಯನ್ನು ಏಣಿಯ ಮೇಲಿದ್ದ. ಬಾಗಿಲು ತೆರೆದೇ ಇತ್ತು. ಮಂಚಗಳ ನಡುವೆ ಇಡುವ ಬಟ್ಟೆಯ ಪರದೆ ಆ ಮೂಲೆಯಲ್ಲಿತ್ತು. ಪರೀಕ್ಷಕರು ತಿಂಡಿ ತಿನ್ನುವುದು ಯಾರಿಗೂ ಕಾಣಬಾರದೆಂದು ಅವರ ಟೀ ಮೇಜಿನ ಸುತ್ತ ನಿಲ್ಲಿಸಿದ್ದರು.

ಹೊರಗಿನ ಪರೀಕ್ಷಕರು ಬಾಯಿ ಒರೆಸಿಕೊಳ್ಳುತ್ತ ಬಂದರು. ದೊಡ್ಡ ಡಾಕ್ಟರು ಮದುವೆ ಮನೆಯ ಯಜಮಾನರ ಹಾಗೆ ಮುಂದೆ ಮುಂದೆ. ಹಾಸಿಗೆಯಕ್ಕನ ಮಂಚ ಪರೀಕ್ಷೆಗೆ ಕೂತ ಕನ್ನಡಕದ ಹುಡುಗಿಯೊಬ್ಬಳ ಪಾಲಿಗೆ ಬಂದಿತ್ತು. ಪಕ್ಕದಲ್ಲಿ ತಮ್ಮನ ಮಗಳ ಮಂಚ ಗಡ್ಡದ ಹುಡುಗನ ಪಾಲಿಗೆ. ಮೊದಲು ಹೊಸ ಕೇಸು ನೋಡೋಣ ಎಂದರು ದೊಡ್ಡ ಡಾಕ್ಟರು. ಉಳಿದವರೂ ಕಲಿಯಲಿ ಎಂದು ಎಲ್ಲ ಹುಡುಗರನ್ನೂ ಕರೆದರು. ಮಂಚ ಕಾಣದಷ್ಟು ಜನ ಸೇರಿತು.

ಗಡ್ಡದ ಹುಡುಗ ಯಾರ ಮುಖವನ್ನೂ ನೋಡದೆ, ಬಟ್ಟೆ ಮೇಲೆ ಮಾಡಮ್ಮ ಎಂದ. ಹುಡುಗಿ ಮೊಣಕಾಲಿನವರೆಗೆ ಎಳೆದುಕೊಂಡಳು. ಅಷ್ಟು ಸಾಲದು ಎಂದರು ದೊಡ್ಡ ಡಾಕ್ಟರು. ಹುಡುಗಿ ಅತ್ತೆಗಾಗಿ ಹುಡುಕಿದಳು. ಜನರ ಸಂದಿಯಲ್ಲಿ ಅತ್ತೆ ಸಿಗಲಿಲ್ಲ. ಸ್ಕರ್ಟಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು. ಆಮೇಲೆ ಕತ್ತು ಹಿಂದಕ್ಕೆ ಹಾಕಿ ಫ್ಯಾನು ನೋಡಿದಳು.

ಹಾಸಿಗೆಯಕ್ಕ ಪಕ್ಕದ ಮಂಚದಿಂದ ಅದನ್ನು ಕಂಡಳು. ಬಿಳಿ ಕೋಟುಗಳ ನಡುವೆ ಅಷ್ಟೇ ಕಾಣುತ್ತಿತ್ತು, ಮೇಲೆ ನೋಡುವ ಎರಡು ಕಣ್ಣು.

ಅವಳು ಮಂಚದಿಂದ ಇಳಿದಳು. ಗೋಡೆ ಇರಲಿಲ್ಲ, ಒಬ್ಬ ಹುಡುಗನ ಭುಜವನ್ನೇ ಹಿಡಿದು ನಿಂತಳು. ಇನ್ನೊಬ್ಬನನ್ನು ಪಕ್ಕಕ್ಕೆ ತಳ್ಳಿದಳು. ಗಡ್ಡದವನ ಕೈ ಹುಡುಗಿಯ ತೊಡೆಯ ಹತ್ತಿರ ಇತ್ತು. ಅದನ್ನು ಎತ್ತಿ ಅವನ ಎದೆಗೇ ಒರಗಿಸಿ ಇಟ್ಟಳು.

"ಇಳಿ ಕಣೇ" ಎಂದಳು ಹುಡುಗಿಗೆ.

ದೊಡ್ಡ ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಏನಮ್ಮ, ನಿನ್ನ ಸರದಿ ಇನ್ನೂ ಬಂದಿಲ್ಲ ಎಂದರು. ಅರ್ಥವಾದ ಮೇಲೆ ನಕ್ಕರು. ನಾಚಿಕೆ ಎಲ್ಲ ಮನೆಯಲ್ಲಿ, ಇದು ವಿಜ್ಞಾನ ಎಂದರು. ವಿಜ್ಞಾನದ ಬನ್ನಿಗೆ ಪರದೆ ಇದೆ, ಮಗುಗೆ ಇಲ್ವಾ ಎಂದಳು ಹಾಸಿಗೆಯಕ್ಕ. ಏಣಿಯ ಮೇಲಿದ್ದವನು ಕಿಸಕ್ಕೆಂದ. ದೊಡ್ಡ ಡಾಕ್ಟರ ಮುಖ ಕೆಂಪಾಯಿತು. ಹತ್ತಿರ ಬಂದು, ದನಿ ಇಳಿಸಿ, ಆಪರೇಷನ್ನಿನ ಡೇಟು ಯಾರ ಕೈಯಲ್ಲಿದೆ ಅನ್ನೋದು ನೆನಪಿದೆಯಾ ಎಂದು ಕೇಳಿದರು.

ಅವಳು ದನಿ ಇಳಿಸಲಿಲ್ಲ.

"ನೆನಪಿದೆ. ಅದಕ್ಕೇ ಇವಳನ್ನ ಇಲ್ಲಿ ಮಲಗಿಸ್ದೆ. ನನ್ನ ಸೊಂಟಕ್ಕೆ ಇವಳ ಮಾನ ಕೊಡೋಕೆ ಬಂದೆ. ಆಗಲ್ಲ, ಕೊಡಲ್ಲ. ಇಷ್ಟು ವರ್ಷ ನನ್ನ ಸೊಂಟ ನಿಮ್ಮ ಹುಡುಗರನ್ನ ಪಾಸ್ ಮಾಡ್ತು. ಅದಕ್ಕೊಂದು ಡೇಟು ನಿಮ್ಮ ಕೈಲಿ ಆಗ್ಲಿಲ್ಲ. ಮುಂದಿನ ವರ್ಷ ಈ ಮಂಚದ ಮೇಲೆ ನೀವೇ ಮಲಗಿ."

ದೊಡ್ಡ ಡಾಕ್ಟರು ಇವಳನ್ನು ಬಿಟ್ಟುಬಿಡಿ, ಮುಂದಿನ ಕೇಸಿಗೆ ಹೋಗೋಣ ಎಂದರು. ಮುಂದಿನ ಮಂಚ ಮೊಣಕಾಲಿನದು. ಎದ್ದು ನಡಿ ತಾತ ಎಂದ ಒಬ್ಬ ಹುಡುಗ.

ಮೊಣಕಾಲು ಕೂತಲ್ಲಿಂದ ಅಲ್ಲಾಡಲಿಲ್ಲ. ಇವತ್ತು ಯಾಕೋ ನಡೆಯೋಕೆ ಮನಸ್ಸಿಲ್ಲಪ್ಪ ಎಂದ.

ಬೆನ್ನಿನ ಹತ್ತಿರ ಹೋದರು. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಅಲ್ಲಿಗೆ ಮುಷ್ಕರ ಶುರುವಾಯಿತು. ಘೋಷಣೆ ಇಲ್ಲ, ಬಾವುಟ ಇಲ್ಲ. ಕುಂಟುವವರ ಮುಷ್ಕರಕ್ಕೆ ಮೆರವಣಿಗೆ ಯಾರು ಹೊರಡಿಸುತ್ತಾರೆ? ಸುಮ್ಮನೆ ಕೂತರು. ನಡೆಯುವುದನ್ನೇ ನೋಡಬೇಕಾದ ಪರೀಕ್ಷೆಯಲ್ಲಿ ಯಾರೂ ನಡೆಯಲಿಲ್ಲ. ಅಟೆಂಡರು ಒಂದೊಂದೇ ಮಂಚಕ್ಕೆ ಹೋಗಿ ಕೈಮುಗಿದ. ಮೊಣಕಾಲು ಅವನಿಗೆ ತನ್ನ ಬನ್ನು ವಾಪಸ್ ಕೊಟ್ಟ. ಅರ್ಧ ತಿಂದದ್ದು.

ಹೊರಗಿನ ಪರೀಕ್ಷಕರಿಗೆ ರೈಲು ಹಿಡಿಯುವುದಿತ್ತು. ಅವರು ಗಡಿಯಾರ ನೋಡಿದರು. ಹಾಸಿಗೆಯಕ್ಕನ ಕಡೆ ತಿರುಗಿ, ಏನು ಬೇಕಮ್ಮ ನಿನಗೆ ಎಂದು ಕೇಳಿದರು. ಆ ಹಾಲಿನಲ್ಲಿ ಆ ಪ್ರಶ್ನೆಯನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಅವಳು ಪರದೆ ತನ್ನಿ ಎಂದಳು. ತಂದರು. ಟೀ ಮೇಜು ಬತ್ತಲೆಯಾಯಿತು, ಬಿಸ್ಕತ್ತಿನ ತಟ್ಟೆ ಎಲ್ಲರಿಗೂ ಕಂಡಿತು. ಆಮೇಲೆ ಏನು ಎಂದರು.

ಮಾತು ಬಂದದ್ದು ಹುಡುಗಿಯ ಬಾಯಿಂದ. "ನನಗೆ ಏನಾಗಿದೆ ಅಂತ ನನಗೆ ಹೇಳಿ. ಅರ್ಥ ಆಗೋ ಹಾಗೆ."

ಪರೀಕ್ಷಕರು ದೊಡ್ಡ ಡಾಕ್ಟರನ್ನು ನೋಡಿದರು. ದೊಡ್ಡ ಡಾಕ್ಟರು ಗಡ್ಡದವನನ್ನು ನೋಡಿದರು. ಗಡ್ಡದವನು ಉದ್ದದ ಹೆಸರು ಶುರುಮಾಡಿ ಮಧ್ಯದಲ್ಲೇ ನಿಂತ. ಕನ್ನಡಕದ ಹುಡುಗಿ ಮುಂದೆ ಬಂದಳು. ಮಂಚದ ತುದಿಯಲ್ಲಿ ಕೂತಳು. ಕೇಸಿನ ಮಂಚದ ಮೇಲೆ ಓದುವವರು ಕೂರುವ ಪದ್ಧತಿ ಇರಲಿಲ್ಲ. ತಡವರಿಸುತ್ತ ಹೇಳಿದಳು. ತೊಡೆಯ ಮೂಳೆಯ ತುದಿ ಚೆಂಡಿನ ಹಾಗೆ ಗುಂಡಗೆ. ಸೊಂಟದಲ್ಲಿ ಅದಕ್ಕೊಂದು ಬಟ್ಟಲು. ಚೆಂಡು ಬಟ್ಟಲಿನಲ್ಲಿ ತಿರುಗಿದರೆ ನಡಿಗೆ. ಹುಟ್ಟಿದಾಗ ಆ ಚೆಂಡು ಮೆತ್ತಗಿನ ಎಳೆಮೂಳೆ, ಬೆಳೆಯುತ್ತ ಗಟ್ಟಿಯಾಗುತ್ತದೆ. ಹೇಗೆ ಗಟ್ಟಿಯಾಗಬೇಕೆಂದು ಮೈಯೊಳಗೆ ಒಂದು ಬರಹ ಇರುತ್ತದೆ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ. ನಿಮ್ಮ ಮನೆಯಲ್ಲಿ ಒಂದು ಪ್ರತಿಯಲ್ಲಿ ತಪ್ಪಿದೆ. ಒಂದು ತಪ್ಪಿದರೂ ಸಾಕು, ಚೆಂಡು ಸರಿಯಾಗಿ ಗಟ್ಟಿಯಾಗುವುದಿಲ್ಲ. ಮೈಭಾರ ಬಿದ್ದು ಚಪ್ಪಟೆಯಾಗುತ್ತದೆ, ಸವೆಯುತ್ತದೆ. ಇದು ಯಾರೂ ಮಾಡಿದ್ದಲ್ಲ. ಪಾಪದ ಫಲವೂ ಅಲ್ಲ.

ಹುಡುಗಿ ಕಿವಿಗೊಟ್ಟು ಕೇಳಿದಳು. ಆಮೇಲೆ ಸ್ವಲ್ಪ ಗತ್ತಿನಿಂದ, ಗೊತ್ತಿತ್ತು ಎಂದಳು. "ಅರ್ಧಕ್ಕರ್ಧ. ನನಗೆ ಬಂತು, ತಮ್ಮನಿಗೆ ಬರಲ್ಲ."

ಕನ್ನಡಕದ ಹುಡುಗಿ ಕನ್ನಡಕ ತೆಗೆದಳು. "ಹಾಗಲ್ಲ ಪುಟ್ಟ. ನಾಣ್ಯ ಚಿಮ್ಮಿದ ಹಾಗೆ ಅದು. ಪ್ರತಿ ಮಗುಗೂ ಹೊಸದಾಗಿ ಚಿಮ್ಮೋದು. ಹಿಂದಿನ ಸಲ ಏನು ಬಿತ್ತು ಅಂತ ನಾಣ್ಯಕ್ಕೆ ನೆನಪಿರಲ್ಲ."

"ಅಂದ್ರೆ ಅವನಿಗೂ ಬರಬಹುದು."

"ಬರಬಹುದು. ಬರದೇನೂ ಇರಬಹುದು. ನಿನ್ನಿಂದ ಅವನಿಗೇನೂ ಆಗಲ್ಲ. ಚಿಕ್ಕವನಿದ್ದಾಗ್ಲೇ ಎಕ್ಸ್‌ರೇ ತೆಗೆದು ನೋಡ್ತಾ ಇರಬೇಕು. ಭಾರ ಹೊರಿಸಬಾರದು. ಅಷ್ಟು ಮಾಡಿದ್ರೂ ಚೆಂಡು ಇನ್ನಷ್ಟು ವರ್ಷ ಉಳಿಯುತ್ತೆ."

ಹುಡುಗಿಯ ಮುಖದಲ್ಲಿದ್ದ ಗತ್ತು ಹೋಯಿತು. ಇಷ್ಟು ದಿನ ನೋವಿನ ಜೊತೆಗೆ ಅದೊಂದು ಇತ್ತು. ಈಗ ನೋವೊಂದೇ.

ಹಾಸಿಗೆಯಕ್ಕ ಮಂಚದ ಕಂಬಿ ಹಿಡಿದಳು. ಮೆಟ್ಟಿಲಲ್ಲಿ ಕೊಡ ಹಿಡಿದು ಏರುವ ಸಣ್ಣ ಕಾಲುಗಳು ಕಣ್ಣ ಮುಂದೆ ಬಂದವು. ಗಟ್ಟಿ ಕಾಲಿನವನು, ಹೊರಲಿ ಬಿಡು. ಹೇಳಿದವಳು ತಾನೇ. ಒಂದು ಮಾತು. ಎರಡು ನಿಮಿಷದ ಮಾತು. ಅವಳ ಅವ್ವ ನಡೆದು ತೋರಿಸಿದ್ದಳು, ಇವಳು ನಡೆದು ತೋರಿಸಿದ್ದಳು. ಎಷ್ಟು ಹುಡುಗರು ಬಂದು ಹೋದರು. ಎಲ್ಲರಿಗೂ ಗೊತ್ತಿತ್ತು. ಒಬ್ಬರಿಗೂ ಹೇಳಬೇಕೆನಿಸಲಿಲ್ಲ.

"ಇದನ್ನ ಹೇಳೋಕೆ ನಿಮಗೇನು ಖರ್ಚಿತ್ತು?" ಎಂದು ಅವಳು ದೊಡ್ಡ ಡಾಕ್ಟರನ್ನು ಕೇಳಿದಳು. ಅವರು ಕೇಳಲಿಲ್ಲ ಅಂದ್ರೆ ನಾವು ಹೇಗೆ ಹೇಳೋದು ಎಂದು ಅವರು ಪರೀಕ್ಷಕರಿಗೆ ಹೇಳಿದರು. ಇವಳಿಗಲ್ಲ.

ಹೊರಗಿನ ಪರೀಕ್ಷಕರು ಸಮಾಧಾನದ ದನಿಯಲ್ಲಿ, ಸರಿಯಮ್ಮ, ಪರದೆ ಬಂತು, ಹೇಳಿಯೂ ಆಯಿತು, ಮುಟ್ಟುವುದು ಬೇಡ, ಒಂದು ಸಲ ಇಬ್ಬರೂ ನಡೆದು ತೋರಿಸಿ, ಪರೀಕ್ಷೆ ಮುಗಿಸೋಣ ಎಂದರು. ನ್ಯಾಯವಾಗಿಯೇ ಕೇಳಿದರು. ಕನ್ನಡಕದ ಹುಡುಗಿ ಬೇಡುವ ಕಣ್ಣಲ್ಲಿ ನೋಡಿದಳು. ಅವಳಿಗೂ ಪಾಸಾಗಬೇಕಿತ್ತು. ಹಾಸಿಗೆಯಕ್ಕ ತಮ್ಮನ ಮಗಳ ಮುಖ ನೋಡಿದಳು.

"ಮನೆಗೆ ಹೋಗೋಣ ಅತ್ತೆ" ಎಂದಳು ಹುಡುಗಿ. "ನಲ್ಲಿ ಬಿಡೋ ಹೊತ್ತಾಯ್ತು. ಅವನು ನೀರಿಗೆ ಹೋಗ್ತಾನೆ."

ದೊಡ್ಡ ಡಾಕ್ಟರು, ಈಗ ಹೊರಟರೆ ಡೇಟಿನ ಮಾತು ಮತ್ತೆ ಎತ್ತಬೇಡ ಎಂದರು. ಹಾಸಿಗೆಯಕ್ಕ ಚಪ್ಪಲಿ ಹುಡುಕಿ ಹಾಕಿಕೊಂಡಳು. ಸಣ್ಣವನನ್ನ ಕರ್ಕೊಂಡು ನಾಳೆ ಬರ್ತೀನಿ ಎಂದಳು. ಕೇಸಾಗಿ ಅಲ್ಲ. ಎಲ್ಲರ ಹಾಗೆ ಚೀಟಿ ಮಾಡಿಸಿ, ಸಾಲಲ್ಲಿ ನಿಂತು. ಎಕ್ಸ್‌ರೇ ತೆಗೀರಿ. ನನ್ನ ಡೇಟು ನೀವೇ ಇಟ್ಕೊಳ್ಳಿ.

ಇಬ್ಬರೂ ಹೊರಟರು. ಹಾಲು ಉದ್ದಕ್ಕಿತ್ತು. ಅತ್ತೆಯ ಸೊಂಟ ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಒಂದೊಂದು ಹೆಜ್ಜೆಗೂ ಇಡೀ ಮೈ ಎತ್ತಿ ಇಟ್ಟ ಹಾಗೆ. ಪಕ್ಕದಲ್ಲಿ ಹುಡುಗಿಯದು ಸಣ್ಣ ವಾಲು, ಈಗಷ್ಟೇ ಕಲಿಯುತ್ತಿರುವಂಥದ್ದು. ಹಿಂದಿನಿಂದ ಮೊಣಕಾಲು ಕೂಗಿ, "ಸೊಂಟ, ಹುಷಾರು, ಮೆಟ್ಟಿಲು" ಎಂದ. ಬೆನ್ನು ಎದ್ದು ಕೂತಳು. ಬಿಳಿ ಕೋಟಿನವರು ದಾರಿ ಬಿಟ್ಟರು. ಇಬ್ಬರ ನಡಿಗೆಯನ್ನು ಅಷ್ಟು ಚೆನ್ನಾಗಿ, ಒಟ್ಟೊಟ್ಟಿಗೆ, ಅವರು ಎಂದೂ ನೋಡಿರಲಿಲ್ಲ. ಒಬ್ಬ ರೂಢಿಯಿಂದ ಜೇಬಿನ ಪೆನ್ನು ತೆಗೆದ. ಅವನನ್ನು ನೋಡಿ ಇನ್ನೊಬ್ಬನೂ ತೆಗೆದ. ಹಾಳೆಗಳು ಸರಬರ ಎಂದವು.

ಹಾಸಿಗೆಯಕ್ಕ ಬಾಗಿಲಲ್ಲಿ ನಿಂತು ತಿರುಗಿದಳು.

"ಬರ್ಕೋಬೇಡ್ರೋ" ಎಂದಳು. "ತೋರಿಸ್ತಾ ಇಲ್ಲ. ಮನೆಗೆ ಹೋಗ್ತಾ ಇದೀವಿ."